ಗುರುತ್ವ ಅಲೆಗಳ ಬೆನ್ನು ಹತ್ತಿದ ಸಮಾಜಶಾಸ್ತ್ರಜ್ಞ

2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ತಮಾಷೆಯ ಸುದ್ದಿ ಬಂತು. ಗುರುತ್ವ ಅಲೆಗಳ, ಅಂದರೆ ಭಾರೀ ಕಾಯಗಳ ಚಲನೆಯಿಂದ ದೇಶಕಾಲದಲ್ಲೇ ಏಳುವ ಸಣ್ಣ ತರಂಗಗಳ, ಬಗ್ಗೆ ಏಳು ಪ್ರಶ್ನೆಗಳಿಗೆ ಇಬ್ಬರು ಉತ್ತರ ಬರೆದಿದ್ದರು. ಒಬ್ಬರು ಅದೇ ಕ್ಷೇತ್ರದ ಭೌತವಿಜ್ಞಾನಿ, ಇನ್ನೊಬ್ಬರು ಕಾರ್ಡಿಫ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್. ಹೆಸರು ಮುಚ್ಚಿ ಉತ್ತರಗಳನ್ನು ಒಂಬತ್ತು ಮಂದಿ ಪರಿಣತರ ಕೈಗೆ ಕೊಟ್ಟರೆ, ಏಳು ಮಂದಿ ಯಾರು ಯಾರೆಂದು ಹೇಳಲಾಗದೆ ಕೈಚೆಲ್ಲಿದರು. ಉಳಿದಿಬ್ಬರು ಕಾಲಿನ್ಸ್ ಅವರನ್ನೇ ಭೌತವಿಜ್ಞಾನಿ ಎಂದುಕೊಂಡರು. ಪ್ರಶ್ನೆಗಳಲ್ಲಿ ಗಣಿತ ಇರಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಆದರೂ ಈ ಮಟ್ಟಕ್ಕೆ ಬರಲು ಅವರಿಗೆ ಮೂರು ದಶಕಕ್ಕೂ ಹೆಚ್ಚು ಹಿಡಿದಿತ್ತು. ವಿಜ್ಞಾನಿಗಳನ್ನು ಅಧ್ಯಯನ ಮಾಡುವ ಸಮಾಜಶಾಸ್ತ್ರಜ್ಞರ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳುವವರಿಗೆ ಕಾಲಿನ್ಸ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಶುರುವಾಗಿದ್ದು 1970ರ ದಶಕದ ಆರಂಭದಲ್ಲಿ, ಒಂದು ಲೇಸರ್‌ನಿಂದ. ಕೆನಡಾದ ರಕ್ಷಣಾ ಪ್ರಯೋಗಾಲಯವೊಂದು 1970ರಲ್ಲಿ ಟಿಇಎ ಲೇಸರ್ ಎಂಬುದನ್ನು ಪ್ರಕಟಿಸಿತ್ತು. ಇಂಗಾಲದ ಡೈಆಕ್ಸೈಡ್, ಸಾರಜನಕ, ಹೀಲಿಯಂ ಬೆರೆಸಿದ ಅನಿಲವನ್ನು ಸಾಮಾನ್ಯ ವಾತಾವರಣದ ಒತ್ತಡದಲ್ಲೇ ಇಟ್ಟು, ಅಡ್ಡಡ್ಡಲಾಗಿ ವಿದ್ಯುತ್ ಹಾಯಿಸಿ ಕೆಲಸ ಮಾಡಿಸುವ ಲೇಸರ್ ಅದು. ವಿನ್ಯಾಸ ಅಚ್ಚಾಗಿತ್ತು, ಬಿಡಿಭಾಗಗಳೂ ಸಿಗುತ್ತಿದ್ದವು. ಬ್ರಿಟನ್ನಿನ ಹಲವು ಲ್ಯಾಬುಗಳು ಕಟ್ಟಲು ಹೊರಟವು. ಕಾಲಿನ್ಸ್ ಒಂದೊಂದು ಲ್ಯಾಬಿಗೂ ಹೋಗಿ ಯಾರು ಯಾರಿಂದ ಕಲಿತರು ಎಂದು ಕೇಳಿ ಬರೆದುಕೊಂಡರು. 1974ರಲ್ಲಿ ಪ್ರಕಟಿಸಿದ ಫಲಿತಾಂಶ ಇಷ್ಟು: ಬರಹವನ್ನಷ್ಟೇ ನೋಡಿ ಲೇಸರ್ ಉರಿಸಿದವರು ಒಬ್ಬರೂ ಇಲ್ಲ. ತಾನೇ ಕಟ್ಟಿ ಗೆದ್ದಿರದ ಮಧ್ಯವರ್ತಿಯಿಂದ ಕೇಳಿ ಕಟ್ಟಿದವರೂ ಇಲ್ಲ. ಗೆದ್ದವರೆಲ್ಲ ಗೆದ್ದ ಇನ್ನೊಬ್ಬರ ಜೊತೆ ನೇರ ಒಡನಾಟ ಇದ್ದವರು. ಒಡನಾಟ ಇದ್ದೂ ಸೋತವರಿದ್ದರು.

ಏಕೆ ಹೀಗೆ? ಒಂದು ತಂತಿಯನ್ನು ನೋಡಿ. ವಿದ್ಯುತ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಭಾರದ ವಸ್ತು, ಅದನ್ನು ಕೆಳಗಿಡುವುದೇ ಯಾರಿಗೂ ಸಹಜ ಅನ್ನಿಸುತ್ತದೆ. ಹಾಗಿಟ್ಟರೆ ಮೇಲಿನ ಎಲೆಕ್ಟ್ರೋಡ್‌ಗೆ ಹೋಗುವ ತಂತಿ ಉದ್ದವಾಗುತ್ತದೆ. ಉದ್ದವಾದರೆ ಇಂಡಕ್ಟೆನ್ಸ್ (ವಿದ್ಯುತ್ ತಟ್ಟನೆ ಏರುವುದನ್ನು ತಡೆಯುವ ಗುಣ) ಹೆಚ್ಚಿ, ವಿದ್ಯುತ್ ಹಾಯುವುದು ನಿಧಾನವಾಗುತ್ತದೆ. ಆಗ ಅನಿಲದ ತುಂಬ ಸಮನಾಗಿ ಹರಡಬೇಕಾದ ಹೊಳಪು ಒಂದೇ ಕಡೆ ಕಿಡಿಯಾಗಿ ಸಿಡಿದುಹೋಗುತ್ತದೆ, ಲೇಸರ್ ಬರುವುದಿಲ್ಲ. ಸರ್ಕ್ಯೂಟ್ ನಕ್ಷೆಯಲ್ಲಿ ತಂತಿ ಎಂದರೆ ಬರೀ ಗೆರೆ, ಅದರ ಉದ್ದ ಯಾರಿಗೂ ಕಾಣದು. ಗೆದ್ದ ಲ್ಯಾಬಿನವರು ಕೆಪಾಸಿಟರನ್ನು ತಲೆಕೆಳಗಾಗಿ ಎತ್ತರದಲ್ಲಿ ಕೂರಿಸಿದ್ದರೂ, ಅದೇ ಮುಖ್ಯವೆಂದು ಎಷ್ಟೋ ಸಲ ಅವರಿಗೇ ಗೊತ್ತಿರಲಿಲ್ಲ. ಬಚ್ಚಿಟ್ಟುಕೊಳ್ಳುವವರೂ ಇದ್ದರು ಅನ್ನಿ. ಕೇಳಿದ್ದಕ್ಕೆ ಉತ್ತರ ಕೊಡುವುದು, ಕೇಳದ್ದನ್ನು ತಾನಾಗಿ ಬಾಯಿಬಿಡದಿರುವುದು ಸ್ಪರ್ಧೆಯಿರುವ ಎಲ್ಲ ಕಡೆ ನಡೆಯುವುದೇ.

ಲೇಸರ್‌ಗೆ ಒಂದು ಅನುಕೂಲವಿದೆ, ಅದು ಕೆಲಸ ಮಾಡಿದರೆ ತಕ್ಷಣ ಗೊತ್ತಾಗುತ್ತದೆ. ಗುರುತ್ವ ಅಲೆಗೆ ಆ ಅನುಕೂಲ ಇರಲಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೋಸೆಫ್ ವೆಬರ್ ಟನ್ನಿಗೂ ಮೀರಿದ ಅಲ್ಯೂಮಿನಿಯಂ ಉರುಳೆಗಳನ್ನು ಮೇರಿಲ್ಯಾಂಡಿನಲ್ಲೂ, ಸುಮಾರು 1,000 ಕಿ.ಮೀ. ದೂರದ ಷಿಕಾಗೊ ಬಳಿಯ ಪ್ರಯೋಗಾಲಯ ಆರ್ಗಾನ್‌ನಲ್ಲೂ ಇಟ್ಟು, ಎರಡೂ ಒಟ್ಟಿಗೆ ಮಿಡಿದವು ಎಂದು 1969ರಲ್ಲಿ ಘೋಷಿಸಿದ್ದರು. ಬೇರೆಯವರು ಕಟ್ಟಿದ ಉರುಳೆಗಳಿಗೆ ಏನೂ ಕೇಳಿಸಲಿಲ್ಲ. 1972ರಲ್ಲಿ ಕಾಲಿನ್ಸ್ ಎರಡೂ ಕಡೆಯವರನ್ನು ಮಾತಾಡಿಸಿದಾಗ ಕಂಡದ್ದು ಒಂದು ಬಿಡಿಸಲಾಗದ ಸುತ್ತು: ಅಲೆ ಇದೆಯೇ ಎಂದು ತಿಳಿಯಲು ಒಳ್ಳೆಯ ಉಪಕರಣ ಬೇಕು, ಉಪಕರಣ ಒಳ್ಳೆಯದೇ ಎಂದು ತಿಳಿಯಲು ಅಲೆ ಇದೆಯೇ ಎಂದು ಮೊದಲೇ ಗೊತ್ತಿರಬೇಕು. ವಾದ ಮುಗಿಯುವುದು ಪ್ರಯೋಗದಿಂದಷ್ಟೇ ಅಲ್ಲ, ಯಾರ ಮಾತನ್ನು ನಂಬಬೇಕೆಂದು ಸಮುದಾಯ ತೀರ್ಮಾನಿಸುವುದರಿಂದಲೂ ಹೌದು ಎಂಬುದು ಅವರ ವಾದ. ಭೌತವಿಜ್ಞಾನಿ-ತತ್ತ್ವಜ್ಞ ಅಲನ್ ಫ್ರಾಂಕ್ಲಿನ್ ಇದನ್ನು ಒಪ್ಪಲಿಲ್ಲ. ವೆಬರ್ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ತಪ್ಪಿತ್ತು, ಬೇರೊಂದು ಲ್ಯಾಬಿನ ದತ್ತಾಂಶದ ಜೊತೆ ಹೋಲಿಸುವಾಗ ಗಡಿಯಾರದ ಸಮಯದಲ್ಲೇ ನಾಲ್ಕು ಗಂಟೆಗೂ ಹೆಚ್ಚು ವ್ಯತ್ಯಾಸವಿತ್ತು, ಇಷ್ಟೆಲ್ಲ ಕಾರಣಗಳಿದ್ದವಲ್ಲ ಎಂದರು. ನನಗೆ ಫ್ರಾಂಕ್ಲಿನ್ ಮಾತಿನಲ್ಲಿ ತೂಕ ಕಾಣುತ್ತದೆ. ಆದರೆ ಆ ಕಾರಣಗಳಲ್ಲಿ ಯಾವುದು ಯಾರ ಮನಸ್ಸು ಬದಲಿಸಿತು ಎಂಬುದು ಪ್ರಬಂಧಗಳನ್ನು ಓದಿ ಸಿಗುವ ವಿಷಯವಲ್ಲ, ಕೂತು ಮಾತಾಡಿಸಿದವರಿಗೇ ಸಿಗುವಂಥದ್ದು.

 

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2001ರಲ್ಲಿ ಬಂದ ನೀಲಮಣಿಯ ಅಧ್ಯಯನ. ಉರುಳೆಗಳ ನಂತರ ಬಂದ, ಕನ್ನಡಿಗಳ ನಡುವೆ ಲೇಸರ್ ಬೆಳಕು ಓಡಿಸಿ ಅಲೆ ಹುಡುಕುವ ಪತ್ತೆಯಂತ್ರಗಳ ಕನ್ನಡಿಗೆ ನೀಲಮಣಿ ಆಗಬಹುದೇ ಎಂಬ ಪ್ರಶ್ನೆ ಇತ್ತು. ಒಮ್ಮೆ ಮಿಡಿಸಿದರೆ ಅದು ಎಷ್ಟು ಹೊತ್ತು ಮಿಡಿಯುತ್ತದೆ ಎಂಬುದರ ಅಳತೆಗೆ ಕ್ಯೂ ಎನ್ನುತ್ತಾರೆ. ಕ್ಯೂ 10 ಕೋಟಿ ಇದ್ದರೆ, ಸೆಕೆಂಡಿಗೆ 30,000 ಸಲ ಕಂಪಿಸುವ ಹರಳಿನ ಕಂಪನ ಮೂರನೇ ಒಂದರಷ್ಟಕ್ಕೆ ಇಳಿಯಲು ಸುಮಾರು 18 ನಿಮಿಷ ಬೇಕು. ಮಾಸ್ಕೋದ ಭೌತವಿಜ್ಞಾನಿ ಬ್ರಗಿನ್ಸ್ಕಿ ಅವರ ತಂಡ ಇಂಥ ದೊಡ್ಡ ಸಂಖ್ಯೆಯನ್ನು ಮೊದಲೇ ವರದಿ ಮಾಡಿತ್ತು. ಪಶ್ಚಿಮದ ಲ್ಯಾಬುಗಳಿಗೆ ಸುಮಾರು 20 ವರ್ಷ ಅದು ಸಿಗಲೇ ಇಲ್ಲ. ಮಾಸ್ಕೋದವರು ಗ್ಲಾಸ್ಗೊಗೆ ಬಂದು ಜೊತೆಗೆ ಕೆಲಸ ಮಾಡಿದ ಮೇಲೆ, 1999ರಲ್ಲಿ ಸಿಕ್ಕಿತು.

ಹರಳನ್ನು ನಿರ್ವಾತದಲ್ಲಿ ಒಂದೇ ದಾರದ ಕುಣಿಕೆಯಲ್ಲಿ ತೂಗುಹಾಕುತ್ತಾರೆ. ಹರಳೂ ದಾರವೂ ಉಜ್ಜಿಕೊಳ್ಳುವ ಜಾಗದಲ್ಲಿ ಶಕ್ತಿ ಸೋರುತ್ತದೆ, ಅದಕ್ಕೆ ಜಿಡ್ಡು ಬೇಕು. ಜಿಡ್ಡು ಹೆಚ್ಚಾದರೆ ಅದೇ ಕಂಪನವನ್ನು ನುಂಗುತ್ತದೆ. ಹಂದಿಯ ಕೊಬ್ಬು ಒಂದು ದಾರಿ. ಇನ್ನೊಂದು, ದಾರವನ್ನು ಮೂಗಿನ ಮೇಲೋ ಕಿವಿಯ ಹಿಂದೋ ಎಳೆದುಕೊಳ್ಳುವುದು! ಕೆಲವರ ಚರ್ಮದಲ್ಲಿ ಜಿಡ್ಡು ಸಾಲದು. ಇದನ್ನು ಯಾವ ಪತ್ರಿಕೆಯ ವಿಧಾನ ವಿಭಾಗದಲ್ಲಿ ಬರೆಯುತ್ತೀರಿ? ಕಾಲಿನ್ಸ್ ಸಲಹೆ ಸರಳ: ಕೌಶಲವನ್ನು ಬರೆಯಲಾಗದಿದ್ದರೂ, ಅದು ಕೈಗೂಡಲು ಎಷ್ಟು ಕಾಲ ಹಿಡಿಯಿತು, ಎಷ್ಟು ಸಲ ಕೆಟ್ಟಿತು ಎಂದಾದರೂ ಬರೆಯಿರಿ. ಓದಿದವರು ಮೂರನೇ ಸೋಲಿಗೇ ಕೈಬಿಡುವುದಿಲ್ಲ.

ಈ ಕಸುಬಿಗೆ ಇಳಿಯುವವರು ಹೆಚ್ಚಾಗಿ ಎಡವುವುದು ಎರಡು ಕಡೆ. ಟೇಪು ಹಿಡಿದು ಹೋಗಿ "ವಿಜ್ಞಾನ ಎಂದರೆ ಏನು ಸಾರ್?" ಎಂದು ಕೇಳಿದರೆ ಭಾಷಣ ಸಿಗುತ್ತದೆ, ಅಷ್ಟೇ. "ಆ ತಂತಿ ಅಲ್ಲೇಕಿದೆ?" ಎಂದು ಕೇಳುವಷ್ಟು ವಿಷಯ ಮೊದಲೇ ಕಲಿತಿರಬೇಕು. ವಿಜ್ಞಾನಿ ನಿಮ್ಮ ಜೊತೆ ಜಗಳಕ್ಕೆ ನಿಂತರೆ, ಮುಂದಿನ ಉತ್ತರ ಏನಿರಬಹುದೆಂದು ನಿಮಗೆ ಮೊದಲೇ ಹೊಳೆಯತೊಡಗಿದರೆ, ಕಲಿಕೆ ಸರಿಯಾದ ದಾರಿಯಲ್ಲಿದೆ. ಎರಡನೆಯದು, ತಡವಾಗಿ ಹೋಗುವುದು. ಫಲಿತಾಂಶ ಬಂದ ಮೇಲೆ ಎಲ್ಲರ ನೆನಪೂ ನೇರವಾಗಿಬಿಡುತ್ತದೆ, ಗೆದ್ದವರಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ. ಅಮೆರಿಕದಲ್ಲಿ ಗುರುತ್ವ ಅಲೆ ಹುಡುಕುವ ಲೈಗೊ ಪತ್ತೆಯಂತ್ರಗಳ ತಂಡದ ಒಳ ಮಿಂಚಂಚೆಗಳು ಕಾಲಿನ್ಸ್‌ಗೂ ಬರುತ್ತಿದ್ದುದರಿಂದ, 2015ರ ಸೆಪ್ಟೆಂಬರ್ 14ರಂದು ಸಿಕ್ಕ ಮೊದಲ ಗುರುತ್ವ ಅಲೆಯ ಸಂಕೇತದಿಂದ 2016ರ ಫೆಬ್ರವರಿ 11ರ ಘೋಷಣೆಯವರೆಗಿನ ಅನುಮಾನಗಳನ್ನು ಅವು ಹುಟ್ಟಿದ ದಿನವೇ ಅವರು ಓದಿದರು. ಬೆಲೆಯಾಗಿ, ಉಳಿದವರಂತೆ ಅವರೂ ಅಷ್ಟು ತಿಂಗಳು ಬಾಯಿ ಹೊಲಿದುಕೊಂಡಿರಬೇಕಾಯಿತು.

ಮಹಾರಾಷ್ಟ್ರದ ಹಿಂಗೋಲಿಯಲ್ಲಿ 4 ಕಿ.ಮೀ. ಉದ್ದದ ತೋಳುಗಳಿರುವ ಪತ್ತೆಯಂತ್ರ ಲೈಗೊ-ಇಂಡಿಯಾಕ್ಕೆ 2023ರಲ್ಲಿ ಮಂಜೂರಾತಿ ಸಿಕ್ಕಿದೆ. ಅಮೆರಿಕದ ಲ್ಯಾಬುಗಳ ಕೈಕೆಲಸ ಅಲ್ಲಿಗೆ ಬರಬೇಕು, ಬರಹದಲ್ಲಿ ಎಷ್ಟು, ಮನುಷ್ಯರ ಜೊತೆ ಎಷ್ಟು ಎಂದು ನೋಡಲು ಸಮಾಜಶಾಸ್ತ್ರದ ವಿದ್ಯಾರ್ಥಿಯೊಬ್ಬರು ಹೋಗುವುದಾದರೆ, ಮೊದಲ ಸಂಕೇತ ಬರುವವರೆಗೆ ಕಾಯುವುದು ಬೇಡ.