ನಟರಾಜನ ಕಾಲಡಿ ಮಲಗಿದ ಹುಡುಗಿ

ಲಂಡನ್ನಿನ ಹ್ಯಾರೋದಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತೇನೆ. ಹೋದ ಫೆಬ್ರವರಿ ರಜೆಯಲ್ಲಿ ಒಂಬತ್ತು ಮಕ್ಕಳನ್ನು ರೈಲು ಹತ್ತಿಸಿಕೊಂಡು ಬ್ರಿಟಿಷ್ ಮ್ಯೂಸಿಯಂಗೆ ಹೋದೆ. ಮ್ಯೂಸಿಯಂ ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ.

ಅಲ್ಲಿ 33ನೇ ಗ್ಯಾಲರಿಯಲ್ಲಿ ತಮಿಳುನಾಡಿನ ಕಂಚಿನ ನಟರಾಜ ಇದ್ದಾನೆ. ಸುಮಾರು 1100ರ ಕಾಲದ್ದು. ಇಂಥ ಮೂರ್ತಿಗಳನ್ನು ಹೂವು ಹಾಕಿ ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದರು. ಈಗ ಅಲ್ಲಾಡದೆ ನಿಂತಿದ್ದಾನಲ್ಲ ಅಂತ ನನಗೆ ಪ್ರತಿಸಲ ಸಂಕಟವಾಗುತ್ತದೆ.

ಚಿಕ್ಕವಳಿದ್ದಾಗ ಶಾಲೆಯಿಂದ ಬಾದಾಮಿಗೆ ಹೋಗಿದ್ದೆವು. ಮೊದಲನೇ ಗುಹೆಯ ನಟರಾಜನಿಗೆ 18 ಕೈ. ಮೇಷ್ಟ್ರು ಎಣಿಸಿ ಅಂದರು, ಎಣಿಸಿದೆವು, ಬಸ್ ಹತ್ತಿದೆವು. ಈ ಮಕ್ಕಳಿಗೆ ಹಾಗಾಗಬಾರದು ಅನ್ನಿಸಿತು. ಅದಕ್ಕೇ, "ತಾಳ ಬೇಡ, ಅಡವಿನ ಹೆಜ್ಜೆ ಬೇಡ. ಮೂರ್ತಿಯಲ್ಲಿ ಯಾವುದಾದರೂ ಒಂದು ಜಾಗ ಆರಿಸಿಕೊಳ್ಳಿ. ಹತ್ತು ನಿಮಿಷ ಸುಮ್ನೆ ನೋಡಿ. ಆಮೇಲೆ ನಮ್ಮ ಕ್ಲಾಸಿನ ಹಾಲ್‌ಗೆ ಹೋಗಿ ನೀವೇ ಅದಾಗಿ" ಎಂದೆ.

ಹಾಲ್‌ಗೆ ವಾಪಸ್ ಬಂದಾಗ ಒಬ್ಬ ಡಮರು ಹಿಡಿದ, ಇನ್ನೊಬ್ಬಳು ಬೆಂಕಿ. ಒಬ್ಬ ಅಭಯ ಹಸ್ತವಾದ. ಎತ್ತಿದ ಪಾದಕ್ಕಂತೂ ಜಗಳವೇ ಆಯಿತು. ಹದಿನಾಲ್ಕರ ಹುಡುಗಿಯೊಬ್ಬಳು ಮಾತ್ರ ಏನೂ ಹೇಳದೆ ಎಲ್ಲರ ಕಾಲ ಬಳಿ ಮಲಗಿದಳು. ಅವಳು ಅಪಸ್ಮಾರ, ಅಂದರೆ ನಟರಾಜ ತನ್ನ ಪಾದದಡಿ ತುಳಿದು ನಿಂತಿರುವ ಕುಳ್ಳ ರಾಕ್ಷಸ.

ಶಾಲೆ ಬದಲಾದ ಮೇಲೆ ಅವಳ ಮಾತು ತುಂಬ ಕಡಿಮೆಯಾಗಿತ್ತು. ಡಾಕ್ಟರು ಕೌನ್ಸೆಲಿಂಗ್‌ಗೆ ಬರೆದುಕೊಟ್ಟಿದ್ದಾರೆ, ಆದರೆ ಇಲ್ಲಿ ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಮನೆಯಲ್ಲಿ "ಏನಾಯ್ತು?" ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಪುಟ್ಟ ಹುಡುಗಿಯೊಬ್ಬಳು ಬಗ್ಗಿ ಕೇಳಿದಳು, "ಭಾರ ಆಗ್ತಿದೆಯಾ?"

"ಭಾರ ಏನಿಲ್ಲ. ಏಳೋಕೆ ಆಗ್ತಿಲ್ಲ, ಅಷ್ಟೆ."

ಅಭಯ ಹಸ್ತ ಹಿಡಿದಿದ್ದ ಹುಡುಗ ಅದನ್ನು ಕೇಳಿ, ಕೈಯನ್ನು ನಿಧಾನಕ್ಕೆ ಇಳಿಸಿ ಅವಳ ಕಡೆ ತಿರುಗಿಸಿದ. ನಾಟ್ಯದ ಲೆಕ್ಕದಲ್ಲಿ ತಪ್ಪು. ನಾನು ತಿದ್ದಲಿಲ್ಲ.

"ನನಗೆ ಹೀಗಾಗ್ತಿದೆ" ಅನ್ನುವುದು ಆ ವಯಸ್ಸಿಗೆ ಬಹಳ ಕಷ್ಟ, ಅಲ್ವಾ? "ಅಪಸ್ಮಾರನಿಗೆ ಹೀಗಾಗ್ತಿದೆ" ಅನ್ನಬಹುದು. ಮೂರ್ತಿ ಒಂದು ಮರೆ ಕೊಡುತ್ತದೆ. ಮಾತು ಬಾರದಿದ್ದರೂ ಮೈ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ 3000ಕ್ಕೂ ಜಾಸ್ತಿ ಅಧ್ಯಯನಗಳನ್ನು ಒಟ್ಟುಮಾಡಿ, ಕಲೆಯಿಂದ ಆರೋಗ್ಯಕ್ಕೆ ಒಳ್ಳೆಯದಾಗುತ್ತದೆ ಎಂದಿತು. ಅದರಲ್ಲಿ ನೃತ್ಯವೂ ಇದೆ, ಮ್ಯೂಸಿಯಂ ಭೇಟಿಯೂ ಇದೆ.

ಇದೇ ಚಿಕಿತ್ಸೆ ಅಂತ ನಾನು ಹೇಳುತ್ತಿಲ್ಲ. ಕೌನ್ಸೆಲಿಂಗ್‌ಗೆ ಅವಳ ಸರದಿ ಇನ್ನೂ ಬಂದಿಲ್ಲ, ಅದು ಬರಲೇಬೇಕು. ಊರಲ್ಲಿ ನಾಟ್ಯ ಕಲಿಸುವವರಿಗೆ ಒಂದು ಮಾತು: ಹಳೇಬೀಡಿನ ಗೋಡೆಯ ತುಂಬ ಕುಣಿಯುವವರಿದ್ದಾರೆ, ಪಕ್ಕದಲ್ಲೇ ಮ್ಯೂಸಿಯಂ ಇದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಎಣಿಸಲು ಹೇಳಬೇಡಿ.

ಮೊನ್ನೆ ಅವಳೇ ಮೆಸೇಜ್ ಮಾಡಿದ್ದಳು. "ಆಂಟಿ, ಮ್ಯೂಸಿಯಂನಲ್ಲಿ ನಟರಾಜನ ಪಕ್ಕದ ಅಮರಾವತಿ ಶಿಲ್ಪಗಳ ಕೋಣೆ ನೋಡ್ಲಿಲ್ಲ ನಾವು. ಯಾವಾಗ ಹೋಗೋಣ?"