ಎಡಕುಮೇರಿ ಹತ್ತಿರ

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಇವತ್ತು ನಮ್ಮ ರೈಲು ಒಂದು ಸೇತುವೆ ಮೇಲೆ ಆಮೆನಡಿಗೆಯಲ್ಲಿ ಹೋಯ್ತು. ದುರಸ್ತಿ ಕೆಲಸ ನಡೀತಿದೆ. ಹಳಿ ಪಕ್ಕದ ಪುಟ್ಟ ಕಬ್ಬಿಣದ ಅಟ್ಟಣೆಗೆ ಸರಿದು ನಿಂತಿದ್ರು ಸೇತುವೆ ಕೆಲಸದವರು. ಒಬ್ಬರ ಕೈಯಲ್ಲಿ ಸುತ್ತಿಗೆ, ಇನ್ನೊಬ್ಬರ ಮೊಣಕೈವರೆಗೂ ಪೇಂಟು. ಸೇತುವೆಯ ಕಬ್ಬಿಣ ಜೋಡಿಸೋ ರಿವೆಟ್ ಮೊಳೆಗೆ ಒಂದೇಟು ಹಾಕಿ, ಸದ್ದು ಕೇಳಿಯೇ ಗಟ್ಟಿಯೋ ಸಡಿಲವೋ ಅಂತ ಹೇಳಿಬಿಡ್ತಾರೆ. ಅವರ ಕಾಲ ಕೆಳಗೆ ನೋಡಿದ್ರೆ ಬರೀ ಮರಗಳ ತುದಿ. ನಂಗಂತೂ ಕಿಟಕಿಯಲ್ಲೇ ಎದೆ ಝಲ್ಲೆಂದಿತು.

ಇಲ್ಲಿ 1996ರಲ್ಲಿ ಹಳಿ ಅಗಲ ಮಾಡೋಕೆ ಅಂತ ಮೀಟರ್ ಗೇಜ್ (ಹಳೇ ಕಿರಿದಾದ ಹಳಿ) ಗಾಡಿ ನಿಂತಮೇಲೆ ಹತ್ತು ವರ್ಷ ರೈಲೇ ಇರಲಿಲ್ಲ. ಚಾರಣದ ಹುಡುಗರದ್ದೇ ರಾಜ್ಯ. 2006ರಲ್ಲಿ ಗೂಡ್ಸ್, 2007ರ ಕೊನೆಗೆ ಪ್ರಯಾಣಿಕರ ಗಾಡಿ. ಸುಮಾರು 55 ಕಿ.ಮೀ.ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಅಷ್ಟೂ ಕಬ್ಬಿಣಕ್ಕೆ ಈ ಮಳೆಯೇ ಶತ್ರು. ಬಹುತೇಕ ಕಡೆ ಲಾರಿ ಬರೋ ದಾರಿಯಿಲ್ಲ, ಸಾಮಾನೆಲ್ಲ ಹಳಿ ಮೇಲೇ ಬರಬೇಕು, ಅದೂ ಎರಡು ಗಾಡಿಗಳ ನಡುವಿನ ಪುರುಸೊತ್ತಲ್ಲಿ. ಸುರಂಗ ಬಂದಾಗ ಕೂಗೋರು ತುಂಬ ಜನ, ಈ ಕೆಲಸದವರಿಗೆ ಕೈ ಬೀಸಿದ್ದು ಒಂದು ಮಗು ಮಾತ್ರ.

ಎದುರು ಸೀಟಿನ ಅಜ್ಜರಿಗೆ ಬೇರೆಯೇ ಚಿಂತೆ: "ಪುತ್ತೂರಲ್ಲಿ ಬಸ್ಸು ತಪ್ತದೆ ಮಾರಾಯ್ರೆ!"