ಪುಟಾಣಿಗಳ ಶನಿವಾರ: ಅಜ್ಜಿಯರು ಒಳಗೆ ಬಂದ ಮೇಲೆ

ನಮ್ಮೂರ ಗ್ರಾಮ ಪಂಚಾಯ್ತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಶನಿವಾರ ಬೆಳಿಗ್ಗೆ ನಡೆಸುತ್ತಿರುವ ಹಾಡು, ಕುಣಿತ, ಕಥೆಯ ಗುಂಪು ಈಗ ಒಂದು ಹದಕ್ಕೆ ಬಂದಿದೆ. ಒಂದರಿಂದ ಮೂರು ವರ್ಷದವರು ಬರುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಮಕ್ಕಳಿಗಾಗಿ ಬಂದದ್ದು, ಉಚಿತ ಸದಸ್ಯತ್ವ ಕೊಟ್ಟು ಹಳ್ಳಿಯ ಮಕ್ಕಳನ್ನು ಗ್ರಂಥಾಲಯದೊಳಗೆ ಕರೆದದ್ದು ತುಂಬಾ ಒಳ್ಳೆಯ ಕೆಲಸ. ಆದರೆ ಅಕ್ಕನ ಕೈ ಹಿಡಿದು ಬಂದ ಎರಡು ವರ್ಷದ ತಂಗಿಗೆ ಅಲ್ಲಿ ಮಾಡೋಕೆ ಏನೂ ಇರಲಿಲ್ಲ. ಅವಳಿಗಾಗಿಯೇ ಈ ಗುಂಪು.

ಅರ್ಧ ಗಂಟೆಗಿಂತ ಜಾಸ್ತಿ ಎಳೆಯುವುದಿಲ್ಲ. ಒಬ್ಬೊಬ್ಬರ ಹೆಸರು ಕರೆದು ಚಪ್ಪಾಳೆ ಹಾಡು, ಒಂದು ಪುಸ್ತಕ, ಕುಣಿತ, ಮತ್ತೆ ಅದೇ ಪುಸ್ತಕ, ಕೊನೆಗೆ ಟಾಟಾ ಹಾಡು. ಹೌದು, ಅದೇ ಪುಸ್ತಕ. ಇಡೀ ತಿಂಗಳು ಒಂದೇ ಕಥೆ ಓದುತ್ತೇನೆ. ದೊಡ್ಡವರಿಗೆ ಬೇಜಾರಾಗಬಹುದು, ಮಕ್ಕಳಿಗೆ ಮುಂದಿನ ಪುಟದಲ್ಲಿ ಏನಿದೆ ಅಂತ ಮೊದಲೇ ಗೊತ್ತಿರುವುದೇ ಖುಷಿ, ಪುಟ ತಿರುಗಿಸುವ ಮೊದಲೇ ‘ಬೌ ಬೌ’ ಅಂತ ಕೂಗಿ ನಮ್ಮ ಮುಖ ನೋಡುತ್ತಾರೆ. ಪುಸ್ತಕಗಳು ಹೆಚ್ಚಾಗಿ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಿಂದ. 2015ರಿಂದ ಅಲ್ಲಿ ಕನ್ನಡದ ಕಥೆಗಳೂ ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ರಟ್ಟಿಗೆ ಅಂಟಿಸಿದರೆ ಹಿಂದೆ ಕೂತವರಿಗೂ ಚಿತ್ರ ಕಾಣುತ್ತದೆ.

ಈ ಸಲ ಹೊಸದಾಗಿ ಮಾಡಿದ್ದು ಗಿಲಕಿ ಬಾಟಲಿ. ಸಣ್ಣ ನೀರಿನ ಬಾಟಲಿಗೆ ಕಾಲು ಭಾಗ ಮಾತ್ರ ಕಾಳು. ರಾಗಿ ಹಾಕಿದರೆ ಸರಸರ ಅನ್ನುತ್ತೆ, ಹುರುಳಿ ಹಾಕಿದರೆ ಜಲ್ ಜಲ್, ತೊಗರಿ ಹಾಕಿದರೆ ಆ ಪುಟ್ಟ ಕೋಣೆಯಲ್ಲಿ ಹಾಡೇ ಕೇಳಿಸುವುದಿಲ್ಲ. ರಾಗಿ ಬಾಟಲಿ ನನಗೆ ತುಂಬಾ ಇಷ್ಟವಾಯಿತು, ಮೆಲ್ಲಗೆ ಅಲ್ಲಾಡಿಸಿದರೆ ಮಳೆ, ಜೋರಾಗಿ ಅಲ್ಲಾಡಿಸಿದರೆ ಜೋರು ಮಳೆ, ಅಷ್ಟರಲ್ಲೇ ಒಂದು ಆಟ ಆಗುತ್ತದೆ. ಮುಚ್ಚಳದ ಒಳಗೆ ಗಟ್ಟಿ ಅಂಟು ಹಾಕಿ, ಮೇಲೆ ಟೇಪು ಸುತ್ತಿ, ಪ್ರತಿ ವಾರ ಎಳೆದು ನೋಡಿಯೇ ಕೈಗೆ ಕೊಡುವುದು. ಈ ವಯಸ್ಸಿನವರು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾರೆ, ಕಾಳು ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ. ತೀರಾ ಚಿಕ್ಕವರಿಗೆ ಚನ್ನಪಟ್ಟಣದ ಮರದ ಗಿಲಕಿ ಇಟ್ಟಿದ್ದೇನೆ.

ಕುಣಿತದಲ್ಲಿ ಎಲ್ಲರಿಗೂ ಇಷ್ಟವಾಗಿರುವುದು ನಿಲ್ಲುವ ಆಟ. ದಮ್ಮಡಿ ಬಡಿಯುವಷ್ಟು ಹೊತ್ತು ಓಡಬೇಕು, ಸದ್ದು ನಿಂತರೆ ನಿಲ್ಲಬೇಕು. ಒಂದೂವರೆ ವರ್ಷದವರು ಓಡುತ್ತಲೇ ಇರುತ್ತಾರೆ. ಮೂರರ ಹತ್ತಿರ ಬಂದವರು ಗಕ್ಕನೆ ನಿಂತು, ಉಸಿರು ಬಿಗಿ ಹಿಡಿದು, ಪಕ್ಕದವನು ನಿಂತನಾ ಅಂತ ಕಣ್ಣು ಮಾತ್ರ ಹೊರಳಿಸುತ್ತಾರೆ. ಮೈಯನ್ನು ತಾನೇ ತಡೆದು ಹಿಡಿಯುವುದನ್ನು ಮಗು ಕಲಿಯುತ್ತಿರುವುದು ಕಣ್ಣೆದುರಿಗೇ ಕಾಣುತ್ತದೆ.

‘ಮಗ ಕೂರಲ್ಲ, ಓಡಾಡ್ತಾನೆ, ಕರ್ಕೊಂಡು ಬರ್ಲಾ ಬೇಡ್ವಾ?’ ಅಂತ ತಾಯಂದಿರು ಕೇಳುತ್ತಾರೆ. ಖಂಡಿತ ಬನ್ನಿ. ಒಂದರಿಂದ ಎರಡು ವರ್ಷದ ಮಗು ದಿನಕ್ಕೆ ಕಡಿಮೆ ಅಂದರೂ 180 ನಿಮಿಷ ಮೈ ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಪುಸ್ತಕದ ಕಪಾಟಿನ ಸುತ್ತ ತಿರುಗುತ್ತಾ ಇರುವ ಮಗುವಿನ ಕಿವಿ ನಮ್ಮ ಕಡೆಗೇ ಇರುತ್ತದೆ.

ಇನ್ನು ದೊಡ್ಡ ಬದಲಾವಣೆ. ಮಕ್ಕಳನ್ನು ಕರೆತರುವವರು ಹೆಚ್ಚಾಗಿ ಅಜ್ಜಿಯರು, ಅವರು ಹೊರಗೆ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದರು. ಕುರ್ಚಿಗಳನ್ನೆಲ್ಲ ಎತ್ತಿಟ್ಟು ಜಮಖಾನ ಹಾಸಿ, ನೀವೂ ಬನ್ನಿ, ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಿ ಅಂತ ಕರೆದೆ. ಒಬ್ಬ ಅಜ್ಜಿ ಮೊಮ್ಮಗಳ ಎರಡೂ ಕೈ ಹಿಡಿದು ರಾಗಿ ಬೀಸುವ ಹಾಗೆ ತಿರುಗಿಸುತ್ತಾ ಬೀಸುಕಲ್ಲಿನ ಪದ ಶುರು ಮಾಡಿದರು. ಕೈ ಮುಂದಕ್ಕೆ ಹೋದಾಗ ಮಾತು, ಹಿಂದಕ್ಕೆ ಬಂದಾಗ ಎಳೆದ ರಾಗ. ಉಳಿದ ಅಜ್ಜಿಯರೂ ದನಿ ಸೇರಿಸಿದರು, ಮಕ್ಕಳ ಮೈ ತಾನಾಗಿಯೇ ತೂಗಿತು. ಎಷ್ಟು ನಿಧಾನ ಅಂದರೆ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ, ಮಾತು ಕಲಿಯುವ ಮಗುವಿಗೆ ಬೇಕಾಗಿರುವುದೂ ಅದೇ ಅಲ್ವಾ. ಈಗ ಪ್ರತಿ ವಾರ ಕುಣಿತದ ಆಮೇಲೆ ಬೀಸುವ ಆಟ ಇದ್ದೇ ಇರುತ್ತದೆ, ನಡೆಸುವವರು ಅವರೇ.

ಅದೇ ಅಜ್ಜಿಗೆ ಪುಸ್ತಕ ಕೊಡಲು ಹೋದಾಗ ‘ನಂಗೆ ಅಕ್ಷರ ಬರಲ್ಲ ಕಣವ್ವಾ’ ಅಂದರು. ಚಿತ್ರ ನೋಡಿ ಕೇಳಿ ಸಾಕು ಅಂದೆ. ‘ಕೋಳಿ ಎಲ್ಲವ್ವಾ? ಏನ್ ತಿಂತೈತೆ?’ ಮಗು ಬೆರಳಿಟ್ಟು ‘ಜೋಳ’ ಅಂತು. ‘ಹ್ಞೂಂ, ಕೆಂಪು ಕೋಳಿ ಜೋಳ ತಿಂತೈತೆ’ ಅಂತ ಅಜ್ಜಿ ಮಾತು ಬೆಳೆಸಿದರು. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರ ಅಧ್ಯಯನದಲ್ಲಿ ತಂದೆತಾಯಿಗೆ ಹೇಳಿಕೊಟ್ಟಿದ್ದು ಇದನ್ನೇ: ಸುಮ್ನೆ ಓದಿ ಮುಗಿಸದೆ ಕೇಳಿ, ಮಗುವಿನ ಉತ್ತರಕ್ಕೆ ಇನ್ನೊಂದೆರಡು ಮಾತು ಸೇರಿಸಿ ಹೇಳಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಉಳಿದವರಿಗಿಂತ ಮುಂದೆ ಹೋಗಿತ್ತು. ವಾರಕ್ಕೆ ಅರ್ಧ ಗಂಟೆ ನಾನು ಓದುವುದಕ್ಕಿಂತ, ದಿನಾ ರಾತ್ರಿ ಈ ಅಜ್ಜಿ ಹೀಗೆ ಪುಸ್ತಕ ಹಿಡಿದು ಕೂತರೆ ಆಗುವ ಕೆಲಸ ದೊಡ್ಡದು. ಅದಕ್ಕೇ ಈಗ ಅಕ್ಷರವೇ ಇಲ್ಲದ, ಬರೀ ಚಿತ್ರದ ಪುಸ್ತಕಗಳನ್ನು ಬೇರೆ ಬುಟ್ಟಿಯಲ್ಲಿ ಬಾಗಿಲ ಹತ್ತಿರವೇ ಇಟ್ಟಿದ್ದೇನೆ, ಹೋಗುವಾಗ ಅಜ್ಜಿಯರು ತಾವೇ ಆರಿಸಿಕೊಳ್ಳುತ್ತಾರೆ.

ಮುಂದಿನ ತಿಂಗಳು ಇದನ್ನೇ ಪಂಚಾಯ್ತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆಯಲ್ಲಿ ವಾರದ ನಡುವೆ ಒಂದು ದಿನ ಮಾಡುವ ಆಲೋಚನೆ ಇದೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳು ಅಲ್ಲಿದ್ದಾರೆ, ಅವರಿಗೆ ಶನಿವಾರ ಬರೋದು ಕಷ್ಟ. ಇಬ್ಬರು ಅಜ್ಜಿಯರು ಜೊತೆಗೆ ಬರಲು ಒಪ್ಪಿದ್ದಾರೆ. ಇನ್ನಷ್ಟು ರಾಗಿ ಬಾಟಲಿ ಮಾಡಬೇಕು.